ಒಂದು ಮಿಲಿವೋಲ್ಟಿನ ವಾರ್ತೆ

ಮನುಷ್ಯನ ಹೃದಯವು ಒಂದೊಂದು ಸಲ ಸಂಕೋಚಗೊಳ್ಳುವುದಕ್ಕೆ ತುಸು ಮುಂಚೆ, ಅದರ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಪುಟ್ಟದೊಂದು ಸ್ನಾಯುಗಂಟಿನಲ್ಲಿ ವಿದ್ಯುತ್ತಿನ ಕ್ಷೋಭೆಯೊಂದು ಉದಯಿಸಿ, ಎರಡು ಹೃತ್ಕರ್ಣಗಳ ಭಿತ್ತಿಗಳಲ್ಲಿಯೂ ವ್ಯಾಪಿಸಿ, ನಡುವೆ ಒಂದೆಡೆ ಕ್ಷಣಾಂಶದಷ್ಟು ತಡೆದು ನಿಂತು, ಅನಂತರ ಕೆಳಗಿನ ಹೃತ್ಕುಕ್ಷಿಗಳಿಗೆ ಮಹಾವೇಗದಿಂದ ಇಳಿಯುತ್ತದೆ. ಸ್ನಾಯುವಿನ ಬಿಗಿತವೂ ರಕ್ತದ ನೂಕುವಿಕೆಯೂ ಈ ಕ್ಷೋಭೆಯನ್ನು ಹಿಂಬಾಲಿಸಿ ಬರತಕ್ಕವು. ದೇಹದ ದ್ರವಗಳೆಲ್ಲ ಲವಣಯುಕ್ತವಾಗಿ ವಿದ್ಯುದ್ವಾಹಕಗಳಾಗಿರುವುದರಿಂದ, ಎದೆಯ ಗೂಡಿನೊಳಗೆ ನಡೆದ ಈ ವ್ಯಾಪಾರದ ವಾರ್ತೆ ಚರ್ಮದವರೆಗೆ, ಕೈಕಾಲುಗಳ ತುದಿಯವರೆಗೆ ಬಂದು ಮುಟ್ಟುವುದುಂಟು. ಆದರೆ ಮುಟ್ಟುವ ವೇಳೆಗೆ ಅದು ಒಂದು ವೋಲ್ಟಿನ ಸಾವಿರದ ಒಂದಂಶದಷ್ಟಕ್ಕೆ, ಎಂದರೆ ಹೆಚ್ಚುಕಡಮೆ ಒಂದು ಮಿಲಿವೋಲ್ಟಿನಷ್ಟಕ್ಕೆ, ಕ್ಷೀಣಿಸಿರುತ್ತದೆ. ಇಷ್ಟು ಕ್ಷೀಣವಾದ ವಾರ್ತೆಯನ್ನು ವಿಕಾರಗೊಳಿಸದೆ ಗ್ರಹಿಸಿ, ಕಾಗದದ ಮೇಲೆ ರೇಖೆಯಾಗಿ ಇಳಿಸಿ, ಅದನ್ನು ಓದಬಲ್ಲವನ ಕಣ್ಣಿಗೆ ಹೊತ್ತು ಮೀರುವುದರೊಳಗಾಗಿ ಮುಟ್ಟಿಸುವುದೇ ನಾವು ಇಸಿಜಿ ಎಂದು ಕರೆಯುವ ಹೃದ್ವಿದ್ಯುಲ್ಲೇಖನದ ಕೆಲಸ. ಇದರ ಚರಿತ್ರೆಯನ್ನು ಯಂತ್ರಗಳು ಸೂಕ್ಷ್ಮವೂ ಹಗುರವೂ ಆಗುತ್ತ ಬಂದ ಕಥೆಯನ್ನಾಗಿ ಹೇಳುವುದು ವಾಡಿಕೆ. ರೋಗಿಗೂ ಓದುವವನಿಗೂ ನಡುವಣ ದೂರವನ್ನು ಗೆಲ್ಲುವ ಕಥೆಯನ್ನಾಗಿ ಅದನ್ನು ಹೇಳಬೇಕೆಂಬುದು ನನ್ನ ಆಸೆ. ಏಕೆಂದರೆ ಆ ದೂರ ಮೊಟ್ಟಮೊದಲ ದಿನದಿಂದಲೂ ಈ ವಿದ್ಯೆಯ ಬೆನ್ನಿಗಿದೆ, ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ.

ಹೃದಯದಲ್ಲಿ ವಿದ್ಯುತ್ತಿದೆಯೆಂಬುದನ್ನು ಮೊದಲು ಸಾರಿದುದು ಕಪ್ಪೆಯ ಕಾಲು. 1856ರಲ್ಲಿ ಕೋಲಿಕರ್ ಮತ್ತು ಮ್ಯುಲರ್ ಎಂಬ ಜರ್ಮನ್ ನೆಲದ ವಿದ್ವಾಂಸರಿಬ್ಬರು, ನರದೊಡನೆ ಬಿಡಿಸಿ ತೆಗೆದ ಕಪ್ಪೆಯ ಕಾಲನ್ನು ಮಿಡಿಯುತ್ತಿರುವ ಹೃದಯವೊಂದರ ಮೇಲೆ ಆ ನರ ತಾಗುವಂತೆ ಇರಿಸಲಾಗಿ, ಹೃದಯ ಮಿಡಿದಾಗಲೆಲ್ಲ ಕಾಲು ಅದುರಿತು. ಆ ಕಾಲದ ಅತಿ ಸೂಕ್ಷ್ಮವಾದ ಉಪಕರಣಗಳಲ್ಲಿ ಅದೂ ಒಂದು. ಮೂವತ್ತು ವರ್ಷಗಳ ಬಳಿಕ, 1887ರಲ್ಲಿ, ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಗಸ್ಟಸ್ ವಾಲರ್ ಎಂಬಾತನು ಎದೆಯನ್ನು ತೆರೆಯದೆಯೇ ಮನುಷ್ಯನ ಹೃದಯದ ವಿದ್ಯುಲ್ಲೇಖವನ್ನು ಪಡೆದನು. ಆತ ಬಳಸಿದ್ದು ಲಿಪ್‌ಮನ್ ಎಂಬ ಫ್ರೆಂಚ್ ಭೌತವಿಜ್ಞಾನಿ ರಚಿಸಿದ್ದ ಕೇಶನಾಳ ವಿದ್ಯುನ್ಮಾಪಕವನ್ನು. ಕೂದಲೆಳೆಯಂತಹ ಗಾಜಿನ ನಾಳದಲ್ಲಿ ಪಾದರಸವೂ ಗಂಧಕಾಮ್ಲವೂ ಸಂಧಿಸುವ ಎಲ್ಲೆ, ವಿದ್ಯುತ್ತು ತಾಗಿದಂತೆ ಮೇಲಕ್ಕೂ ಕೆಳಕ್ಕೂ ಸರಿಯುವುದನ್ನು ಬೆಳಕಿನಿಂದ ಹಿಗ್ಗಿಸಿ ಚಿತ್ರ ತೆಗೆಯುವುದೇ ಅದರ ರೀತಿ. ವಾಲರನಿಗೆ ಜಿಮ್ಮಿ ಎಂಬ ಬುಲ್‌ಡಾಗ್ ಇದ್ದಿತು. ಉಪ್ಪುನೀರಿನ ಪಾತ್ರೆಗಳಲ್ಲಿ ಕಾಲಿಟ್ಟು ಆ ನಾಯಿ ಶಾಂತವಾಗಿ ನಿಂತಿರುತ್ತಿದ್ದಂತೆ, ಅದರ ಹೃದಯದ ಏರಿಳಿತವನ್ನು ಆತ ಸಭಿಕರಿಗೆ ತೋರಿಸುತ್ತಿದ್ದನು. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ನಡೆದ ಇಂತಹ ಪ್ರದರ್ಶನವೊಂದರ ಮೇಲೆ, ಪ್ರಾಣಿಹಿಂಸೆ ನಡೆಯಿತೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದು, ನಾಯಿ ನಿಂತದ್ದು ಬರಿಯ ಉಪ್ಪು ಬೆರೆಸಿದ ನೀರಿನಲ್ಲಿ ಎಂದು ಮಂತ್ರಿಯೇ ಉತ್ತರ ಹೇಳಬೇಕಾಯಿತು. ಈ ವಿದ್ಯೆ ಆಸ್ಪತ್ರೆಗಳಲ್ಲಿ ವಿಶೇಷವಾಗಿ ಬಳಕೆಗೆ ಬಂದೀತೆಂದು ಸ್ವತಃ ವಾಲರನೇ ನಂಬಿರಲಿಲ್ಲ.

ನಂಬಿದವನು ವಿಲೆಮ್ ಐಂಟ್‌ಹೋವೆನ್. 1860ರಲ್ಲಿ, ಆಗ ಡಚ್ಚರ ಕೈಕೆಳಗಿದ್ದ ಜಾವಾ ದ್ವೀಪದ ಸೆಮಾರಾಂಗ್ ಪಟ್ಟಣದಲ್ಲಿ ವೈದ್ಯನೊಬ್ಬನ ಮಗನಾಗಿ ಹುಟ್ಟಿ, ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆಯೂ ಒಡಹುಟ್ಟಿದವರೊಡನೆಯೂ ಹಾಲೆಂಡಿನ ಯೂಟ್ರೆಕ್ಟಿಗೆ ಬಂದು ವೈದ್ಯ ಕಲಿತ ಈತ, ಇಪ್ಪತ್ತೈದರ ಪ್ರಾಯದಲ್ಲಿಯೇ ಲೈಡನ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾದನು. 1889ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಕೂಡಿದ ವಿದ್ವತ್ಸಮ್ಮೇಳನದಲ್ಲಿ ವಾಲರನ ಪ್ರಯೋಗವನ್ನು ಕಂಡ ಮೇಲೆ ಆತನ ಚಿತ್ತ ಬೇರೆ ಕಡೆಗೆ ಹೊರಳಲಿಲ್ಲ. ಪಾದರಸ ಭಾರವಾದ ವಸ್ತು. ಹೃದಯದ ವೇಗಕ್ಕೆ ಅದರ ಚಲನೆ ಸಾಲದು. ಆದುದರಿಂದ ವಿದ್ಯುನ್ಮಾಪಕ ಬರೆದ ರೇಖೆ ನಿಜವಾದ ರೇಖೆಯಲ್ಲವೆಂಬುದು ಆತನಿಗೆ ಮೊದಲೇ ಹೊಳೆಯಿತು. ಆದರೆ ಎಷ್ಟರ ಮಟ್ಟಿಗೆ ತಪ್ಪು? ನಾಳದ ಜಡತೆಯನ್ನು ಅಳೆದು, ಗಣಿತದ ಬಲದಿಂದ ಆ ದೋಷವನ್ನು ಕಳೆದು, ಶುದ್ಧವಾದ ರೇಖೆ ಹೇಗಿರಬೇಕೆಂಬುದನ್ನು ಆತ ಕಾಗದದ ಮೇಲೆ ಲೆಕ್ಕ ಹಾಕಿ ಬರೆದನು. 1895ರಲ್ಲಿ ಅದರ ಐದು ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಕ್ಷರಗಳನ್ನಿಟ್ಟನು. ಲೋಕದ ಯಾವ ವೈದ್ಯಶಾಲೆಗೆ ಹೋದರೂ ಇಂದಿಗೂ ಇವೇ ಅಕ್ಷರಗಳು.

ಮತ್ತೊಬ್ಬನಾಗಿದ್ದರೆ ಇಲ್ಲಿಗೆ ತೃಪ್ತನಾಗುತ್ತಿದ್ದನು. ಒಂದೊಂದು ಮಿಡಿತಕ್ಕೂ ಗಂಟೆಗಟ್ಟಲೆ ಗಣಿತ ಮಾಡಿ ಸತ್ಯವನ್ನು ಹೊರತೆಗೆಯುವುದು ಆತನ ಮನಸ್ಸಿಗೆ ಸಮ್ಮತವಾಗಲಿಲ್ಲ. ತಾನಾಗಿಯೇ ಸತ್ಯವನ್ನು ಬರೆಯುವ ಉಪಕರಣ ಬೇಕಾಗಿದ್ದಿತು. ಬಲವಾದ ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಅತಿ ಹಗುರವಾದ ತಂತುವೊಂದನ್ನು ಬಿಗಿದು, ಹೃದಯದ ವಿದ್ಯುತ್ತನ್ನು ಅದರ ಮೂಲಕ ಹರಿಯಬಿಟ್ಟರೆ, ಅದು ಹರಿದಂತೆ ತಂತು ಪಕ್ಕಕ್ಕೆ ಬಾಗಬೇಕು. ತಂತು ಎಷ್ಟು ಹಗುರವೋ ಅಷ್ಟು ಶೀಘ್ರವಾಗಿ, ಅಷ್ಟು ವಿಧೇಯವಾಗಿ ಬಾಗಬೇಕು. ಅಂತಹ ತಂತುವನ್ನು ಸಂಪಾದಿಸಿದ ಬಗೆಯನ್ನು ಓದುವಾಗಲೆಲ್ಲ ನಾನು ಬೆರಗಾಗುತ್ತೇನೆ. ಕ್ವಾರ್ಟ್ಸ್ ಶಿಲೆಯ ಚೂರನ್ನು ಬಾಣದ ಬಾಲಕ್ಕೆ ಅಂಟಿಸಿ, ಪ್ರಚಂಡವಾದ ಜ್ವಾಲೆಯಲ್ಲಿ ಅದನ್ನು ಕರಗಿಸಿ, ಕರಗಿದ ಕ್ಷಣದಲ್ಲಿಯೇ ಬಿಲ್ಲಿನಿಂದ ಬಾಣವನ್ನು ಬಿಟ್ಟರೆ, ಅದು ಹಾರಿದ ದಾರಿಯುದ್ದಕ್ಕೂ ಶಿಲೆಯ ದ್ರವ ಎಳೆಯಾಗಿ ಎಳೆದುಕೊಂಡು ಹೋಗಿ, ಗಾಳಿಯಲ್ಲಿಯೇ ಗಟ್ಟಿಯಾಗುತ್ತಿದ್ದಿತು. ಇಂಗ್ಲೆಂಡಿನ ಬಾಯ್ಸ್ ಎಂಬ ಭೌತವಿಜ್ಞಾನಿ ಕಂಡುಹಿಡಿದಿದ್ದ ಉಪಾಯವಿದು. ಹೀಗೆ ದೊರೆತ ಎಳೆ ನಮ್ಮ ರಕ್ತದ ಕೆಂಪುಕಣದ ಅಗಲಕ್ಕಿಂತಲೂ ತೆಳು. ಬರಿಗಣ್ಣಿಗೆ ಕಾಣುವುದೇ ದುರ್ಲಭ. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು ವಾಹಕವನ್ನಾಗಿ ಮಾಡಿ, ಧ್ರುವಗಳಲ್ಲಿ ರಂಧ್ರ ಕೊರೆದು, ಒಂದು ಕಡೆಯಿಂದ ಆರ್ಕ್ ದೀಪದ ಬೆಳಕನ್ನು ಬಿಟ್ಟು, ಮತ್ತೊಂದು ಕಡೆ ಸೂಕ್ಷ್ಮದರ್ಶಕದಿಂದ ತಂತುವಿನ ನೆರಳನ್ನು ನೂರಾರು ಪಟ್ಟು ಹಿಗ್ಗಿಸಿ, ಚಲಿಸುತ್ತಿರುವ ಛಾಯಾಚಿತ್ರದ ಫಲಕದ ಮೇಲೆ ಬೀಳಿಸಿದನು. ಬೆಳಕಿನ ದಾರಿಯಲ್ಲಿ ತಿರುಗುವ ಗಾಲಿಯೊಂದರ ಅರಗಳು ಕ್ರಮವಾಗಿ ಅಡ್ಡ ಬಂದು ಫಲಕದ ಮೇಲೆ ಕಾಲದ ಗೆರೆಗಳನ್ನು ಎಳೆಯುತ್ತಿದ್ದವು. ತೂಕ ಸುಮಾರು 270 ಕಿಲೋಗ್ರಾಂ. ಎರಡು ಕೋಣೆಗಳ ತುಂಬ ಹರಡಿದ್ದ ಅದನ್ನು ನಡೆಸಲು ಐದು ಜನ ಬೇಕಾಗಿದ್ದಿತು. ಅಯಸ್ಕಾಂತ ಕಾಯದಂತೆ ಸದಾ ನೀರು ಹರಿಯುತ್ತಿರಬೇಕಾಗಿದ್ದಿತು. ಪರೀಕ್ಷೆಗೆ ಕುಳಿತವನ ಎರಡು ಕೈಗಳೂ ಒಂದು ಕಾಲೂ ಉಪ್ಪುನೀರಿನ ಜಾಡಿಗಳಲ್ಲಿ ಅದ್ದಿರಬೇಕು.

ಈ ತಂತು ಗ್ಯಾಲ್ವನೋಮೀಟರ್ ಬರೆದ ರೇಖೆಯನ್ನು, ಹಿಂದೆ ಲೆಕ್ಕದಿಂದ ಪಡೆದಿದ್ದ ರೇಖೆಯ ಪಕ್ಕದಲ್ಲಿಟ್ಟು ನೋಡಲಾಗಿ, ಎರಡೂ ಒಂದಕ್ಕೊಂದು ಹೊಂದಿದವು. ವಿಜ್ಞಾನದಲ್ಲಿ ಇದಕ್ಕಿಂತ ಧನ್ಯವಾದ ಗಳಿಗೆ ಯಾವುದಿದ್ದೀತು! ಕಣ್ಣಿಗೆ ಕಾಣುವ ಮೊದಲೇ ಬುದ್ಧಿ ಕಂಡಿದ್ದುದನ್ನು ಶಿಲೆಯ ಎಳೆ ಅಕ್ಷರಶಃ ದೃಢಪಡಿಸಿದ್ದಿತು. ಅದರೊಂದಿಗೆ ಐಂಟ್‌ಹೋವೆನ್ ಇನ್ನೊಂದು ಕೆಲಸ ಮಾಡಿದನು. ಮೇಲುನೋಟಕ್ಕೆ ಅದು ಸಾಮಾನ್ಯವಾಗಿ ತೋರಿದರೂ ಆತನ ಕೀರ್ತಿಯಲ್ಲಿ ಅರ್ಧಪಾಲು ಅದಕ್ಕೇ ಸಲ್ಲಬೇಕೆಂದು ನಾನು ಭಾವಿಸುತ್ತೇನೆ. ಒಂದು ಮಿಲಿವೋಲ್ಟಿಗೆ ರೇಖೆ 10 ಮಿಲಿಮೀಟರ್ ಎತ್ತರ ಏರುವಂತೆ ತಂತುವಿನ ಬಿಗಿತವನ್ನು ಸರಿಪಡಿಸಬೇಕು, ಫಲಕ ಸೆಕೆಂಡಿಗೆ 25 ಮಿಲಿಮೀಟರ್ ಚಲಿಸಬೇಕು, ಎಂದು ಆತ ನಿಯಮ ಮಾಡಿದನು. ನೂರಿಪ್ಪತ್ತು ವರ್ಷ ಕಳೆದರೂ ಇಸಿಜಿ ಕಾಗದದ ಸಣ್ಣ ಚೌಕ ಅದೇ 0.04 ಸೆಕೆಂಡು, ದೊಡ್ಡ ಚೌಕ ಅದೇ 0.2 ಸೆಕೆಂಡು. ಈ ಕಟ್ಟು ಇಲ್ಲದಿದ್ದರೆ ಒಂದೂರಿನ ರೇಖೆಯನ್ನು ಇನ್ನೊಂದೂರಿನವನು ಓದುವುದು ಅಸಾಧ್ಯವಾಗುತ್ತಿದ್ದಿತು. ಎರಡು ಆರ್ ಶಿಖರಗಳ ನಡುವೆ ಎಷ್ಟು ದೊಡ್ಡ ಚೌಕಗಳಿವೆಯೆಂದು ಎಣಿಸಿ, ಅದರಿಂದ 300ನ್ನು ಭಾಗಿಸಿದರೆ ನಿಮಿಷಕ್ಕೆ ಹೃದಯ ಎಷ್ಟು ಸಲ ಮಿಡಿಯಿತೆಂಬುದು ತಿಳಿಯುವುದು, ಎಂದು ಇಂದಿನ ವೈದ್ಯವಿದ್ಯಾರ್ಥಿ ಮೊದಲ ಪಾಠದಲ್ಲಿ ಕಲಿಯುವ ಸೂತ್ರವೂ ಲೈಡನ್ನಿನ ಆ ಗಾಲಿಯ ಅರಗಳಿಂದ ಬಂದ ಬಳುವಳಿ.

ಉಪಕರಣವೇನೋ ಸಿದ್ಧವಾಯಿತು, ಆದರೆ ರೋಗಿಗಳು ಪ್ರಯೋಗಶಾಲೆಯಲ್ಲಿ ಇರಲಿಲ್ಲ. ಅವರು 1.5 ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ಹೃದ್ರೋಗಿಯನ್ನು ಎಬ್ಬಿಸಿ ಕರೆತರುವುದು ಅಪಾಯ. ಯಂತ್ರವನ್ನು ಅಲ್ಲಿಗೆ ಒಯ್ಯುವುದು ಅಶಕ್ಯ. ಆಗ ಐಂಟ್‌ಹೋವೆನ್ ವಾರ್ತೆಯನ್ನೇ ಒಯ್ಯಲು ನಿಶ್ಚಯಿಸಿ, ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ದೂರವಾಣಿಯ ತಂತಿಯನ್ನು ಎಳೆಸಿದನು. 1905ರ ಮಾರ್ಚ್ 22ರಂದು ಮೊದಲನೆಯ ದೂರಹೃಲ್ಲೇಖ ಆ ತಂತಿಯಲ್ಲಿ ಹರಿದು ಬಂದಿತು. ಅದಕ್ಕೆ ಕುಳಿತವನು ರೋಗಿಯಲ್ಲ, ದೃಢಕಾಯನಾದ ಒಬ್ಬ ಗಂಡಸು. ಅವನ ಆರ್ ಶಿಖರಗಳು ಎತ್ತರವಾಗಿದ್ದುದಕ್ಕೆ, ಅವನು ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಬೈಸಿಕಲ್ ತುಳಿದುಕೊಂಡು ಹೋಗಿದ್ದುದೇ ಕಾರಣವೆಂದು ಊಹಿಸಿದರು. ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಹೃತ್ಕುಕ್ಷಿಗಳ ಸ್ಥೂಲತೆ, ಅಕಾಲಿಕ ಮಿಡಿತ, ಕ್ಷೋಭೆಯ ಮಾರ್ಗ ಕಡಿದು ಹೋಗುವ ಹೃದಯಸ್ತಂಭ ಮುಂತಾದುವುಗಳ ರೇಖೆಗಳು ಮೊದಲ ಸಲ ಒಟ್ಟಾಗಿ ಲೋಕದ ಮುಂದೆ ಬಂದವು. ಇಂದು ದೂರವೈದ್ಯವೆಂಬುದನ್ನು ಕಂಪ್ಯೂಟರ್ ಯುಗದ ಕೂಸೆಂದು ಹೇಳುವವರು ಈ ಪ್ರಸಂಗವನ್ನು ನೆನೆಯಬೇಕು.

ಅನಂತರದ ಸಂಗತಿಗಳನ್ನು ಶೀಘ್ರವಾಗಿ ಹೇಳಬಹುದು. ಚಾರ್ಲ್ಸ್ ಡಾರ್ವಿನ್ನನ ಮಗ ಹೊರೇಸ್ ಡಾರ್ವಿನ್ ಕಟ್ಟಿದ್ದ ಕೇಂಬ್ರಿಡ್ಜಿನ ಉಪಕರಣ ಸಂಸ್ಥೆ ಈ ಯಂತ್ರವನ್ನು ಮೇಜಿನ ಮೇಲೆ ಕೂರುವಷ್ಟಕ್ಕೆ ಇಳಿಸಿತು. ಲಂಡನ್ನಿನ ಥಾಮಸ್ ಲೂಯಿಸ್, ನಾಡಿಯ ಗತಿ ಸಂಪೂರ್ಣ ತಪ್ಪಿಹೋಗುವ ರೋಗದಲ್ಲಿ ಹೃತ್ಕರ್ಣಗಳು ಮಿಡಿಯದೆ ಬರಿದೆ ಕಂಪಿಸುತ್ತಿರುತ್ತವೆಂಬುದನ್ನು ಈ ರೇಖೆಗಳಿಂದ ಸಿದ್ಧಪಡಿಸಿದನು. ಕ್ಷೋಭೆ ನಡುವೆ ತಡೆದು ನಿಲ್ಲುವ ಗಂಟನ್ನು ಜಪಾನಿನ ತವಾರ 1906ರಲ್ಲಿಯೂ, ಅದು ಹುಟ್ಟುವ ಗಂಟನ್ನು ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿಯೂ ವರ್ಣಿಸಿದುದರಿಂದ, ರೇಖೆಯ ಒಂದೊಂದು ತಿರುವಿಗೂ ಹೃದಯದಲ್ಲಿ ಒಂದೊಂದು ಸ್ಥಾನ ದೊರೆಯಿತು. ರಥಬೀದಿಯ ಬೇರೆ ಬೇರೆ ಮೂಲೆಗಳಲ್ಲಿ ನಿಂತವರು ಒಂದೇ ತೇರಿನ ಬೇರೆ ಬೇರೆ ಮಗ್ಗುಲುಗಳನ್ನು ಕಾಣುವಂತೆ, ಎರಡು ಕೈ ಒಂದು ಕಾಲುಗಳಿಂದ ಪಡೆದ ಮೂರು ಲೀಡುಗಳು ಒಂದೇ ಕ್ಷೋಭೆಯ ಮೂರು ನೋಟಗಳು. ಎದೆಯ ಮೇಲಿನ ನೋಟಗಳ ಸ್ಥಾನಗಳಿಗೆ 1938ರಲ್ಲಿ ಅಮೆರಿಕ, ಬ್ರಿಟನ್ನುಗಳ ಹೃದ್ರೋಗ ಸಂಘಗಳು ನಿಯಮ ಕಟ್ಟಿದವು. 1942ರಲ್ಲಿ ಗೋಲ್ಡ್‌ಬರ್ಗರ್ ಕೈಕಾಲುಗಳ ಇನ್ನೂ ಮೂರು ನೋಟಗಳನ್ನು ಸೇರಿಸಿದನು. ಹತ್ತು ವಿದ್ಯುದಗ್ರಗಳಿಂದ ಹನ್ನೆರಡು ಲೀಡುಗಳನ್ನು ಪಡೆಯುವ ಇಂದಿನ ಕ್ರಮ ಅಲ್ಲಿಗೆ ಪೂರ್ಣವಾಯಿತು. ಐಂಟ್‌ಹೋವೆನ್‌ಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಡೆಗಾಲದಲ್ಲಿ ಆತ ಇಂಜಿನಿಯರನಾದ ತನ್ನ ಮಗನೊಡನೆ ಕೂಡಿ, ತಾನು ಹುಟ್ಟಿದ ಜಾವಾದಿಂದ ಬರುವ ನಿಸ್ತಂತು ತಾರುಗಳನ್ನು ಗ್ರಹಿಸಲು ಇದೇ ತಂತುವನ್ನು ಒಗ್ಗಿಸುವ ಕಾರ್ಯದಲ್ಲಿ ತೊಡಗಿದ್ದನೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಹೃದಯಕ್ಕಾಗಿ ಹುಟ್ಟಿದ ಈ ತಂತು ಬೇರೆ ಅಂಗಕ್ಕೂ ಒದಗಿತು, ಹೃದಯದ ಸಂಕೇತ ಬೇರೆ ಉಪಕರಣಗಳಿಗೂ ಒಡೆಯನಾಯಿತು. ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಹಿಡಿಯಲು ಯತ್ನಿಸಿದಾಗ ಕೈಗೆತ್ತಿಕೊಂಡುದು ತಂತು ಗ್ಯಾಲ್ವನೋಮೀಟರನ್ನೇ. ಗತಿ ತಪ್ಪಿದ ಹೃದಯವನ್ನು ವಿದ್ಯುದಾಘಾತದಿಂದ ಸರಿದಾರಿಗೆ ತರುವ ವಿಧಾನವನ್ನು ಬರ್ನಾರ್ಡ್ ಲೌನ್ 1960ರ ದಶಕದ ಮೊದಲಲ್ಲಿ ರೂಪಿಸಿದಾಗ, ಆಘಾತ ಆರ್ ಶಿಖರದ ಗಳಿಗೆಯಲ್ಲಿಯೇ ಬೀಳುವಂತೆ ಯಂತ್ರವನ್ನು ಇಸಿಜಿಗೆ ಕಟ್ಟಬೇಕಾಯಿತು. ಟಿ ಅಲೆಯ ಮೇಲೆ ಬಿದ್ದರೆ ಹೃದಯ ಕಂಪನಕ್ಕೆ ಸಿಕ್ಕಿ ನಿಲ್ಲುವ ಸಂಭವವುಂಟು. ಸಿಟಿ ಮತ್ತು ಎಂಆರ್‌ಐ ಯಂತ್ರಗಳು ಸದಾ ಚಲಿಸುತ್ತಿರುವ ಹೃದಯದ ನಿಶ್ಚಲ ಚಿತ್ರವನ್ನು ಪಡೆಯುವುದೂ ಹೀಗೆಯೇ: ರೋಗಿಯ ಎದೆಯ ಮೇಲಿನ ವಿದ್ಯುದಗ್ರಗಳು ಆರ್ ಶಿಖರವನ್ನು ಸಾರುತ್ತವೆ, ಯಂತ್ರ ಅಲ್ಲಿಂದ ಎಣಿಸಿ, ಹೃದಯ ತುಸು ವಿರಮಿಸುವ ಕ್ಷಣದ ಮಾಹಿತಿಯನ್ನು ಆರಿಸಿಕೊಳ್ಳುತ್ತದೆ. ಕೋಟಿಗಟ್ಟಲೆ ಬೆಲೆಬಾಳುವ ಆ ಬೃಹದ್ಯಂತ್ರಗಳಿಗೆ ಕಾಲಸೂಚಕವಾಗಿರುವುದು ಅದೇ ಒಂದು ಮಿಲಿವೋಲ್ಟು.

ಆದರೂ ಬಹುಜನರ ಪಾಲಿಗೆ ಇಸಿಜಿಯೆಂದರೆ ಹೃದಯಾಘಾತದ ಪರೀಕ್ಷೆ. ಹೃದಯದ ಸ್ವಂತ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಸ್ನಾಯುವಿನ ಒಂದು ಭಾಗಕ್ಕೆ ರಕ್ತ ನಿಂತುಹೋದಾಗ, ರೇಖೆಯಲ್ಲಿ ಎಸ್ ಮುಗಿದು ಟಿ ತೊಡಗುವ ನಡುವಣ ಭಾಗ ನೆಲದ ಮಟ್ಟವನ್ನು ಬಿಟ್ಟು ಮೇಲೇಳುತ್ತದೆ. ಅಮೆರಿಕದ ಹೆರಲ್ಡ್ ಪಾರ್ಡಿ 1920ರಲ್ಲಿಯೇ ಇದನ್ನು ವರ್ಣಿಸಿದ್ದನು. ವರ್ಣಿಸಿದ್ದರೇನು? ಅಲ್ಲಿಂದ ಆರು ದಶಕಗಳಿಗೂ ಮಿಕ್ಕ ಕಾಲ ರೇಖೆ ವಿಪತ್ತನ್ನು ಸಾರಿ ಹೇಳುತ್ತಿದ್ದರೂ, ವೈದ್ಯನ ಕೈಯಲ್ಲಿ ಹಾಸಿಗೆಯ ವಿಶ್ರಾಂತಿ, ನೋವಿನ ಶಮನ, ತೊಡಕುಗಳು ತಲೆದೋರಿದಾಗ ಅವುಗಳ ಉಪಚಾರ, ಇಷ್ಟು ಬಿಟ್ಟರೆ ಹೆಚ್ಚಿನ ಆಯುಧ ಇರಲಿಲ್ಲ. 1986ರಲ್ಲಿ ಇಟಲಿಯ ವೈದ್ಯರು 11,000ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆಸಿದ ಜಿಸ್ಸಿ ಎಂಬ ಮಹಾಪರೀಕ್ಷೆಯ ಫಲ ಪ್ರಕಟವಾದಾಗ ಸ್ಥಿತಿ ಬದಲಾಯಿತು. ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಮದ್ದನ್ನು ನೋವು ತೊಡಗಿದ ಮೊದಲ ಒಂದು ಗಂಟೆಯೊಳಗೆ ಪಡೆದವರಲ್ಲಿ ಆಸ್ಪತ್ರೆಯೊಳಗಿನ ಸಾವು ಹೆಚ್ಚುಕಡಮೆ ಅರ್ಧಕ್ಕೆ ಇಳಿದಿದ್ದಿತು. ಗಂಟೆಗಳು ಕಳೆದಂತೆ ಆ ಲಾಭವೂ ಕರಗುತ್ತ ಹೋಗಿದ್ದಿತು. ಅಂದಿನಿಂದ ಲೈಡನ್ನಿನ ದೂರಕ್ಕೆ ಹೊಸ ಅರ್ಥ ಬಂದಿತು. ರೇಖೆಯನ್ನು ಓದುವುದು ಒಂದು ಗಂಟೆ ತಡವಾದರೆ, ಆ ಒಂದು ಗಂಟೆಯಲ್ಲಿ ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ.

ಕನ್ನಡನಾಡಿನಲ್ಲಿ ಈ ದೂರವೇನು ಸಾಮಾನ್ಯವೇ? ಆಗುಂಬೆಯ ಘಾಟಿಯನ್ನು ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಬರಬೇಕಾದ ಮಲೆನಾಡಿಗನಿಗೆ, ಕಲಬುರಗಿಯನ್ನು ಸೇರಬೇಕಾದ ಗಡಿಗ್ರಾಮದವನಿಗೆ, ಮೊದಲ ಗಂಟೆ ಬಸ್ಸಿನಲ್ಲಿಯೇ ತೀರಿಹೋಗುತ್ತದೆ. ಅದಕ್ಕೂ ಮುಂಚೆ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು ಕಳೆದ ಹೊತ್ತು ಬೇರೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ಅಲ್ಲಿ ತೆಗೆದ ರೇಖೆಯ ಚಿತ್ರವನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಓದಿ ಸಲಹೆ ಕೊಡುವ ಪದ್ಧತಿಯನ್ನು ಬೆಳೆಸಿದರು. ಇದು ಐಂಟ್‌ಹೋವೆನ್ ಹಿಡಿದ ದಾರಿಯೇ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತಾಗಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತೊಡಗಿಸಿದ ಹೃದಯ ಜ್ಯೋತಿ ಯೋಜನೆಯೂ ಈ ಜಾಡಿನದೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವ ಸಂಸ್ಥೆಯಂತಹ ಕೇಂದ್ರಕ್ಕೆ ಕಳುಹಿಸುವುದು, ಅಲ್ಲಿಯ ತಜ್ಞರು ನೋಡಿ ಹೃದಯಾಘಾತವೆಂದು ಖಚಿತಪಡಿಸಿದೊಡನೆ ಟೆನೆಕ್ಟಪ್ಲೇಸ್ ಎಂಬ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಉಚಿತವಾಗಿ ಕೊಡುವುದು, ಬಳಿಕ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಸಾರ್ವಜನಿಕ ಹಣದ ಸದ್ವಿನಿಯೋಗವೆಂದರೆ ಇಂತಹುದು ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆದರೆ ಇಷ್ಟೆಲ್ಲ ಏರ್ಪಾಡೂ ನಿಂತಿರುವುದು ಮಂಚದ ಪಕ್ಕದಲ್ಲಿ ನಿಂತು ತಂತಿಗಳನ್ನು ಹಚ್ಚುವ ದಾದಿಯ ಅಥವಾ ತಂತ್ರಜ್ಞನ ಕೈಯ ಮೇಲೆ. ಕೆಂಪು ಕ್ಲಿಪ್ಪು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಎರಡು ಕೈಗಳ ತಂತಿಗಳು ಅದಲುಬದಲಾದರೆ ಮೊದಲನೆಯ ಲೀಡು ತಲೆಕೆಳಗಾಗಿ, ಹೃದಯ ಬಲಮಗ್ಗುಲಲ್ಲಿದೆಯೋ ಎಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಎದೆಯ ಮೇಲಿನ ಮೊದಲೆರಡು ಬಟ್ಟಲುಗಳು ನಾಲ್ಕನೆಯ ಪಕ್ಕೆಲುಬಿನ ಕೆಳಗಣ ಸಂದಿನಲ್ಲಿ, ಎದೆಮೂಳೆಯ ಬಲಕ್ಕೊಂದು ಎಡಕ್ಕೊಂದು ಕೂರಬೇಕು. ನಾಲ್ಕನೆಯದು ಐದನೆಯ ಸಂದಿನಲ್ಲಿ, ಎಡ ಕೊರಳೆಲುಬಿನ ನಡುವಿನಿಂದ ನೇರ ಕೆಳಕ್ಕೆ. ಪಕ್ಕೆಲುಬುಗಳನ್ನು ಬೆರಳಿನಿಂದ ಎಣಿಸಿಯೇ ಈ ಸ್ಥಳವನ್ನು ಕಂಡುಕೊಳ್ಳಬೇಕು. ಕಣ್ಣಂದಾಜಿನಲ್ಲಿ ಹಚ್ಚಿದರೆ ಮೊದಲೆರಡು ಸಾಧಾರಣವಾಗಿ ಒಂದು ಸಂದು ಮೇಲಕ್ಕೆ ಹೋಗಿಬಿಡುತ್ತವೆ, ಇಲ್ಲದ ರೋಗ ರೇಖೆಯಲ್ಲಿ ಕಾಣಿಸಿಕೊಳ್ಳುತ್ತದೆ. ಜೆಲ್ಲಿ ಒಣಗಿದ್ದರೆ, ಚರ್ಮ ಬೆವೆತಿದ್ದರೆ, ರೇಖೆ ನೆಲೆ ತಪ್ಪಿ ಅಲೆಯುತ್ತದೆ. ಗೋಡೆಯೊಳಗಿನ ವಿದ್ಯುತ್ತಿನ 50 ಹರ್ಟ್ಸ್ ಕಂಪನವನ್ನು ನಮ್ಮ ದೇಹ ಎಲ್ಲೆಡೆಯೂ ಹೀರಿಕೊಳ್ಳುವುದರಿಂದ, ಅದು ಹೃದಯದ ವಾರ್ತೆಗಿಂತ ಎಷ್ಟೋ ಪಾಲು ಬಲವಾಗಿರುತ್ತದೆ. ಎರಡು ವಿದ್ಯುದಗ್ರಗಳಿಗೂ ಸಮಾನವಾಗಿ ಬಂದುದನ್ನು ಕಳೆದು, ಅವೆರಡರ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ವರ್ಧಕವನ್ನು ಯಂತ್ರದಲ್ಲಿ ಇಟ್ಟಿರುವುದು ಇದಕ್ಕಾಗಿಯೇ. ಆದರೆ ಒಂದು ಕ್ಲಿಪ್ಪು ಸಡಿಲವಾಗಿದ್ದರೂ ಆ ಸಮಾನತೆ ಕೆಟ್ಟು, ರೇಖೆಯ ತುಂಬ ಗರಗಸದ ಹಲ್ಲುಗಳು ಮೂಡುತ್ತವೆ.

ರೇಖೆ ಶುದ್ಧವಾಗಿ ಬಂದರೂ ಅದರ ಮಾತಿಗೆ ಎಲ್ಲೆಯಿದೆ. ಹೃದಯಾಘಾತದ ಆರಂಭದಲ್ಲಿ ಮೊದಲನೆಯ ಇಸಿಜಿ ಸಹಜವಾಗಿಯೇ ಕಾಣುವುದುಂಟು. ನೋವು ಮುಂದುವರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ರಕ್ತಪರೀಕ್ಷೆಯನ್ನೂ ಮಾಡಬೇಕು. ‘ಇಸಿಜಿ ನಾರ್ಮಲ್ ಬಂತು’ ಎಂದು ಎದೆನೋವಿನೊಡನೆಯೇ ಮನೆಗೆ ಮರಳುವುದು ಅಪಾಯಕರ. ವ್ಯತಿರಿಕ್ತವಾಗಿ, ಅಸಹಜವಾಗಿ ತೋರುವ ರೇಖೆ ಆ ವ್ಯಕ್ತಿಗೆ ಹತ್ತು ವರ್ಷಗಳಿಂದ ಇದ್ದ ನಿರುಪದ್ರವಿ ಲಕ್ಷಣವೂ ಆಗಿರಬಹುದು. ಹೊಸದೋ ಹಳೆಯದೋ ಎಂಬುದನ್ನು ಒಂದೇ ಕಾಗದವನ್ನು ನೋಡಿ ಹೇಳಲಾಗದು. ಆದುದರಿಂದಲೇ ಅನುಭವಿಯಾದ ವೈದ್ಯನು, ರಾತ್ರಿ ಎರಡು ಗಂಟೆಗೆ ಕರೆತಂದ ರೋಗಿಯ ಮನೆಯವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಹಳೆಯ ಇಸಿಜಿ ಇದೆಯೇ?’ ಎಂಬುದೂ ಒಂದು. ಬಹುತೇಕ ಮನೆಗಳಲ್ಲಿ ಅದು ಇರುವುದಿಲ್ಲ. ಇದ್ದರೂ, ಶಾಖಕ್ಕೆ ಕಪ್ಪಾಗುವ ಕಾಗದದ ಮೇಲೆ ಬರೆದ ಆ ರೇಖೆ ಒಂದೆರಡು ಬೇಸಿಗೆಗಳಲ್ಲಿ ಮಾಸಿಹೋಗಿರುತ್ತದೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಎಂದಾದರೂ ಇಸಿಜಿ ತೆಗೆಸಿದರೆ, ಅಂದೇ ಅದರ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿಯೂ ಒಂದು ಚಿತ್ರ ತೆಗೆದು, ದಿನಾಂಕ ಬರೆದು, ರೇಷನ್ ಕಾರ್ಡು ಆಧಾರ್ ಕಾರ್ಡುಗಳನ್ನು ಇಡುವ ಕಡೆಯಲ್ಲಿಯೇ ಇಟ್ಟು, ಅದು ಎಲ್ಲಿದೆಯೆಂಬುದನ್ನು ಮನೆಯ ಮತ್ತೊಬ್ಬರಿಗೂ ಹೇಳಿರಬೇಕು.